ಕಣ್ಣು ಬರೆಯದ ಗಿಳಿ

ಅಪ್ಪ ಒಂದು ಕಾಲಕ್ಕೆ
ಕೊಪ್ಪಳದ ಸುತ್ತಲ ಹಳ್ಳಿಗಳ ಗೋಡೆಗೆ
ಕೆಂಪು ತ್ರಿಕೋನ ಬರೆಯುತ್ತಿದ್ದ.
ತ್ರಿಕೋನಕ್ಕೆ ಎರಡು ರೂಪಾಯಿ, ಅಕ್ಷರಕ್ಕೆ ನಾಲ್ಕಾಣೆ.
‘ಆರತಿಗೊಬ್ಬಳು, ಕೀರ್ತಿಗೊಬ್ಬ’ –
ಬರೆದು ಬರೆದು ಬಾಯಿಪಾಠವಾಗಿ
ಮನೆಗೆ ಬಂದು ಮೂರು ಹೆಣ್ಣಿಗೆ ಅಪ್ಪನಾದ.
ನಾನು ಮೂರನೆಯವಳು.
“ಲೆಕ್ಕ ತಪ್ಪಿ ಹುಟ್ಟಿದಾಕಿ” ಅಂತ ಅವ್ವ ನಗುತ್ತಿದ್ದಳು.

ಈಗ ಅದೇ ಅಪ್ಪ ಕಿನ್ನಾಳದ ಪಡಸಾಲೆಯಲ್ಲಿ
ಐದು ವರ್ಷದಿಂದ ನನ್ನದೊಂದು ತೊಟ್ಟಿಲು ಮಾಡುತ್ತಿದ್ದಾನೆ.
ಪೊಳಿಕೆ ಮರ, ಎತ್ತಿದರೆ ಹತ್ತಿಯಷ್ಟು ಹಗುರ.
ಹುಣಸೆಬೀಜದ ಅಂಟು, ಮರದ ಹೊಟ್ಟು, ಮೇಲೆ ಬಿಳಿ.
ಹೋದ ರಜೆಗೆ ಹಸಿರು ಹತ್ತಿತ್ತು,
ಅದರ ಹಿಂದಿನ ರಜೆಗೆ ಬರೇ ಗೀಟು.
ನಾಲ್ಕು ಮೂಲೆಗೆ ನಾಲ್ಕು ಗಿಳಿ.
ಕಣ್ಣಿಲ್ಲ.
“ಕಣ್ಣು ಕಡೀಕ ಬರೀಬೇಕವ್ವ. ಬರದ ಮ್ಯಾಲ
ಅದು ನೋಡಾಕ ಸುರು ಮಾಡ್ತೈತಿ.
ಖಾಲಿ ತೊಟ್ಟಿಲಾ ಅದಕ ತೋರಿಸಬಾರದು.”

ಲೆಫ್ಟಿನೆಂಟ್ ಆಗಿ ಜೋಧಪುರಕ್ಕೆ ಹೊರಟಾಗ
ಟ್ರಂಕಿನಲ್ಲಿ ಇಸ್ತ್ರಿ ಹಾಕಿದ ಯೂನಿಫಾರ್ಮು, ಗುರೆಳ್ಳು ಪುಡಿ,
ತಳದಲ್ಲಿ ಮಾತ್ರೆಯ ಹಾಳೆ, ಇಪ್ಪತ್ತೆಂಟು ಗುಳಿ.
ರಾತ್ರಿಗೊಂದು ಒಡೆಯುವಾಗ ಚಿಟ್ಟೆನ್ನುತ್ತದೆ.
ಗಿಣಿಗೇರಿಯ ಕಾರ್ಖಾನೆಯಲ್ಲಿ ಯಂಕೋಬ
ಹೆಲ್ಮೆಟ್ ಹಾಕುವ ಹೊತ್ತೂ ಅದೇ.
ಫೋನಿನಲ್ಲಿ ಪಿಸುದನಿಯ ಲೆಕ್ಕ:
ಕ್ಯಾಪ್ಟನ್ ಆದ ಮೇಲೆ.
ಲೇಹ್ ಪೋಸ್ಟಿಂಗ್ ಬಂದರೆ, ಅದು ಮುಗಿದ ಮೇಲೆ.
ಕಮಿಷನ್ ಮುಂದುವರಿದರೆ. ಮುಂದುವರಿಯದಿದ್ದರೆ.
“ನಿನಗ ಮೂವತ್ತೆರಡಲ್ಲೇನ?”
“ಮೂವತ್ತೊಂದು.”
ಆ ಒಂದು ವರ್ಷಕ್ಕೆ ಜಗಳವಾಡಿ ಫೋನಿಡುತ್ತೇವೆ.

ಭಾಗ್ಯನಗರದ ಅತ್ತೆ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಳೆ.
ಅವಳಿಗೆ ಮಾತ್ರೆಯ ಸುದ್ದಿ ಗೊತ್ತಿಲ್ಲ.
ಅಮ್ಮನಿಗೆ ಗೊತ್ತಿರಬೇಕು, ಸುಮ್ಮನಿದ್ದಾಳೆ.

ಫ್ಯಾಮಿಲಿ ವಾರ್ಡಿನಲ್ಲಿ ಈ ಚಳಿಗಾಲ
ಗಡಿಯಲ್ಲಿದ್ದ ಹವಾಲ್ದಾರನ ಹೆಂಡತಿ
ನನ್ನ ಮಣಿಕಟ್ಟು ಹಿಡಿದುಕೊಂಡೇ ಹಡೆದಳು.
ಉಗುರಿನ ಗುರುತು ನಾಲ್ಕು ದಿನ ಇತ್ತು.
ಕೂಸನ್ನು ಒರೆಸಿ ತೂಗಿದೆ: ಎರಡು ಕಿಲೋ ಒಂಬೈನೂರು.
ಬರೆದುಕೊಳ್ಳುವಾಗ ಪೆನ್ನು ನಿಂತಿತು.
ಹೊಟ್ಟೆಕಿಚ್ಚಲ್ಲ. ಆಗಿದ್ದರೆ
ಹೆಸರು ಬರೆದು ಫೈಲಿಗೆ ಸೇರಿಸಬಹುದಿತ್ತು.

ಈ ಸಲ ರಜೆ ಮುಗಿಯುವ ಹಿಂದಿನ ರಾತ್ರಿ
ಅಪ್ಪನ ಕುಂಚ ಇಸಕೊಂಡೆ.
ಒಂದೇ ಗಿಳಿ, ಒಂದೇ ಕಣ್ಣು.
ನರ ಸಿಗದ ತೋಳಿಗೆ ಸೂಜಿ ಇಡುವಾಗಲೂ
ನಡುಗದ ಕೈ ನಡುಗಿತು.
ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದ.
ಏನೂ ಕೇಳಲಿಲ್ಲ.
“ಸೊಟ್ಟ ಆಗೇತಿ” ಅಂದ. “ಇರ್ಲಿ.”

ಜೋಧಪುರ. ಬೆಳಗಿನ ರೌಂಡು.
ಮೂರು ಸಲ ಸೋಪು ಹಾಕಿದರೂ ಹೋಗದ ಕಪ್ಪು
ಹೆಬ್ಬೆರಳಿನ ಉಗುರು ಸಂದಿಯಲ್ಲಿ.
ಏನಿದು, ಕೇಳಿದರು ಮೇಜರ್ ಮೇಡಂ.
ಕಣ್ಣು ಅನ್ನಲಿಲ್ಲ.
ಬಣ್ಣ, ಮೇಡಂ, ಹೋಗುತ್ತೆ ಅಂದೆ.

ಲಾಕರಿನೊಳಗಿನ ಹಾಳೆಯಲ್ಲಿ
ಒಡೆಯದ ಗುಳಿ ಇನ್ನೂ ಒಂಬತ್ತು.