ಒಳಗೆ ಬಿಟ್ಟ ಬಟ್ಟೆ

ಮೊದಲು ಹೇಳಿದ್ದು ಟೇಪು.
ಕಟಿಂಗ್ ಮೇಜಿನ ಮೇಲೆ, ಅಸ್ತರಿನ ಚೂರುಗಳಲ್ಲಿ
ಮಲಗಿದ್ದವಳ ಹೊಟ್ಟೆಗೆ, ಸುಮ್ಮನೆ ಆಟಕ್ಕೆ,
ಸುತ್ತಿದೆ: ಹನ್ನೊಂದು.
ಕ್ರಿಸ್‌ಮಸ್ಸಿಗೆ ಹದಿಮೂರೂವರೆ ಇತ್ತು.
ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ
ಗಿರಾಕಿಗಳ ಸಾಲಿನಲ್ಲೇ ಬರೆದಿಟ್ಟಿದ್ದೇನೆ:
ಬಾಬಿನ್, ಹನ್ನೆರಡು ವರ್ಷ, ತೋಳಿಲ್ಲ.

ತಿನ್ನುವುದೋ, ಕೇಳಬೇಡಿ.
ಬಂಗುಡೆಯ ತಲೆ, ಬಾಲ, ನಡುವಿನದು,
ನನ್ನ ತಟ್ಟೆಯ ಇಡ್ಲಿ,
ಒಮ್ಮೆ ಗುರುತು ಹಾಕುವ ಸೀಮೆಸುಣ್ಣ.
ಎಲ್ಲ ಹೋಗುವುದು ಓಟಕ್ಕೆ.
ರಾತ್ರಿ ಮೂರಕ್ಕೆ ಷಟರಿನ ಬುಡದಲ್ಲಿ ನಿಂತು
ಕೊಟ್ಟ ಸಾಲ ಕೇಳಲು ಬಂದವಳ ಹಾಗೆ ಕೂಗುತ್ತಾಳೆ.
ಕೈಯಿಟ್ಟರೆ ಎದೆಯಲ್ಲಿ
ಪೆಡಲಿನಿಂದ ಕಾಲು ತೆಗೆದರೂ ನಿಲ್ಲದ ಮೋಟರು.

ದುರ್ಗಿಗುಡಿಯಿಂದ ವಿನೋಬನಗರಕ್ಕೆ ಆಟೋ.
ಜಿಪ್ಪು ಕೆಟ್ಟ ಬ್ಯಾಗಿನಲ್ಲಿ ಅವಳು.
(ಜಿಪ್ಪು ನಾನೇ ಹಾಕಬೇಕಿತ್ತು, ಹಾಕಿರಲಿಲ್ಲ.)
ಪಶು ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಪಕ್ಕ
ಕೋಳಿಯನ್ನು ಮಡಿಲಲ್ಲಿಟ್ಟುಕೊಂಡ ಅಜ್ಜ.
ಡಾಕ್ಟರ್ ಸುನೇತ್ರಾ ಗಂಟಲಿನ ಮೇಲೆ
ಎರಡು ಬೆರಳು ಓಡಿಸಿ, ಒಂದು ಕಡೆ ನಿಲ್ಲಿಸಿದರು,
ಹೊಲಿಗೆಯೊಳಗೆ ಉಳಿದ ಗುಂಡುಪಿನ್ನನ್ನು
ನಾನು ಹುಡುಕುವ ಹಾಗೆ.
"ಇಲ್ಲಿ ಮುಟ್ಟಿ. ಅವರೆಕಾಳಿನಷ್ಟು."

ರಕ್ತ ಬೆಂಗಳೂರಿಗೆ ಹೋಯಿತು. ಅಂಕಿ ಬಂತು.
ಐದು ದಾಟಬಾರದ್ದು, ಹನ್ನೊಂದು.
ಮತ್ತೆ ಅದೇ ಹನ್ನೊಂದು.
"ಗುಣ ಅಂತಲ್ಲ, ಹಿಡಿತ. ಬೆಳಿಗ್ಗೆ ಅರ್ಧ,
ರಾತ್ರಿ ಅರ್ಧ, ಇರೋವರೆಗೂ.
ವಾಂತಿ ಮಾಡಿದರೆ, ಮುಖ ಕೆರೆದುಕೊಂಡರೆ
ಕೊಡಬೇಡಿ, ನನಗೆ ಫೋನ್ ಮಾಡಿ.
ಮಾತ್ರೆ ಮುರಿಯೋವಾಗ ಗ್ಲೌಸ್ ಇರಲಿ."

ಮೆಡಿಕಲ್ಲಿನ ಹುಡುಗ ಚೀಟಿ ತಿರುಗಿಸಿ ನೋಡಿದ.
"ಪೇಷಂಟು ನೀವಾ?" ಅಲ್ಲ. "ಹೆಸರು?" ಬಾಬಿನ್.
"ಇನಿಷಿಯಲ್?"
ಸ್ವಲ್ಪ ಯೋಚಿಸಿ ಹೇಳಿದೆ, ಆರ್.
ರೆಜಿನಾದ ಆರ್.

ಲೋಕೇಶ್ವರಿ ಟೀಚರು ನಕ್ಕೂ ನಕ್ಕೂ
ಕುರ್ಚಿಯಲ್ಲಿ ಕೂತರು. "ಬೆಕ್ಕಿಗೂ ಥೈರಾಯ್ಡಾ?
ನಂದು ಉಲ್ಟಾ ಕಣೇ, ಓಡೋದೇ ಇಲ್ಲ."
ಗೊತ್ತು ಟೀಚರ್. ಒಂಬತ್ತು ವರ್ಷದಿಂದ
ನಿಮ್ಮ ಪಕ್ಕದ ಹೊಲಿಗೆ ಬಿಚ್ಚುತ್ತಿರುವವಳು ನಾನೇ.

ಎಂಟು ದಿನ ಎಲ್ಲ ಸರಿ ಅಂದುಕೊಂಡಿದ್ದೆ.
ಒಂಬತ್ತನೆಯ ದಿನ ಮಿಷನ್ನಿನ ಅಡಿ ಗುಡಿಸಿದರೆ
ದಾರದ ಉಂಡೆ, ಎರಡು ಹುಕ್ಕು,
ಮೀನು ನಾರುವ ಹದಿನಾಲ್ಕು ಅರ್ಧ ಮಾತ್ರೆ.
ನುಂಗಿದ್ದು ಎರಡೇ.
ಬಟ್ಟೆ ಹರಿದರೂ ಲೇಸು ಬಿಚ್ಚಿ ಉಳಿಸಿಕೊಳ್ಳುವ ಜಾಣೆ,
ಬೇಕಾದ್ದು ತಿಂದು ಬೇಡದ್ದು ಬಿಟ್ಟಿದ್ದಾಳೆ.

ಆಮೇಲೆ ಟವೆಲ್ಲು. ಸುತ್ತಿ, ಮಂಡಿಗಳ ನಡುವೆ ಇಟ್ಟು,
ಎಡಗೈಯಲ್ಲಿ ದವಡೆ, ಬಲದ ನಡುಬೆರಳಿಗೆ
ಅಮ್ಮನ ಹಿತ್ತಾಳೆಯ ಅಂಗುಸ್ತಾನ, ಹಲ್ಲಿಗೆ ಹೆದರಿ.
ನಾಲಗೆಯ ಬುಡಕ್ಕೆ ಮಾತ್ರೆ, ಗಂಟಲು ಸವರಿ ಕಾಯುವುದು,
ಸೂಜಿಗೆ ದಾರ ಪೋಣಿಸುವಾಗ
ಉಸಿರು ಹಿಡಿಯುವಷ್ಟೇ ಹೊತ್ತು.
ಬಿಟ್ಟ ಮೇಲೆ ತಿರುಗಿ ನೋಡುತ್ತಾಳೆ:
ಮದುವೆಯ ದಿನ ಬ್ಲೌಸು ಬಿಗಿಯಾದವರೂ
ನನ್ನನ್ನು ಹಾಗೆ ನೋಡಿದ್ದಿಲ್ಲ.

ವಾರಗಳಾದವು. ಅಂಕಿ ಮೂರು ಚಿಲ್ಲರೆ.
ಒಂದು ರಾತ್ರಿ ಮೂರಕ್ಕೆ ಎಚ್ಚರವಾಯಿತು,
ಯಾರೂ ಕೂಗಲಿಲ್ಲ ಎಂದು.
ದೀಪ ಹಾಕಿ ಅಂಗಡಿಗೆ ಇಳಿದೆ,
ಎದೆಯ ಮೇಲೆ ಕೈಯಿಟ್ಟೆ.
ನಿಧಾನ ಅಂತಲ್ಲ. ಎಣಿಸಲು ಬರುವಷ್ಟು.

ಬೆಳಿಗ್ಗೆ ಟೇಪು: ಹನ್ನೊಂದೂ ಮುಕ್ಕಾಲು.

ನಾನು ಪ್ರತಿ ಬ್ಲೌಸಿಗೂ ಒಂದಿಂಚು ಒಳಗೆ ಬಿಡುತ್ತೇನೆ,
ಕೇಳಲಿ ಬಿಡಲಿ, ಮುಂದೆ ಬೇಕಾಗುತ್ತದೆ.
ಇವಳಿಗೆ ಎಷ್ಟು ಬಿಟ್ಟಿದೆಯೋ,
ಬಿಚ್ಚಿ ನೋಡುವಂತಿಲ್ಲ.
ಸ್ಟ್ರಿಪ್ಪಿನಲ್ಲಿ ಇನ್ನು ಆರು.
ಟೀಚರ ಬ್ಲೌಸು ಇವತ್ತೂ ಆಗಲಿಲ್ಲ.
ಗಂಟೆ ಎಂಟು, ಟವೆಲ್ಲು ಹೆಗಲ ಮೇಲಿದೆ,
ಬೀರುವಿನ ಮೇಲಿಂದ
ಬಾಲ ಮಾತ್ರ ಕಾಣುತ್ತಿದೆ.