ಹದಿನೇಳನೇ ಬ್ಯಾಚು

ಪೀಣ್ಯ ಎರಡನೇ ಹಂತ. ರಾತ್ರಿ ಪಾಳಿ.
ಒಣಗಿಸುವ ಗೋಪುರದ ಗಾಜಿನ ಕಿಂಡಿಗೆ ಕಣ್ಣಿಟ್ಟರೆ
ಒಳಗೆ ಕಿತ್ತಳೆ ಬಣ್ಣದ ಮಂಜು.

ನೂರ ಎಂಬತ್ತು ಡಿಗ್ರಿ ಬಿಸಿಗಾಳಿಗೆ ಬಿದ್ದ ಹನಿ
ಸುಡುವುದಿಲ್ಲ,
ಬೆವರುತ್ತದೆ.
ಬೆವರುವಷ್ಟು ಹೊತ್ತೂ ತಣ್ಣಗಿದ್ದು
ಬೆವರು ಮುಗಿಯುವುದರೊಳಗೆ
ಜಾಲಿಯಂಟಿನ ಸಿಪ್ಪೆ ಕಟ್ಟಿಕೊಂಡು
ವಿಟಮಿನ್ನನ್ನು ಹೊಟ್ಟೆಯಲ್ಲಿಟ್ಟು ಹುಡಿಯಾಗಿ ಇಳಿಯುತ್ತದೆ.
ಒಂದು ಉಸಿರಿನ ಕೆಲಸ.
ಅರ್ಥವಾಗಲು ನನಗೆ ಹನ್ನೊಂದು ವರ್ಷ ಹಿಡಿಯಿತು.

ಬರೀ ಎಣ್ಣೆಯಾಗಿ ಬಿಟ್ಟರೆ ಇದಕ್ಕೆ ಎಲ್ಲವೂ ಹಗೆ:
ಟ್ಯೂಬ್‌ಲೈಟು, ಗಾಳಿ,
ಅದೇ ಹಿಟ್ಟಿಗೆ ಬೆರೆಸಿದ ಚಿಟಿಕೆ ಕಬ್ಬಿಣ ಕೂಡ.
ಅಂಗಡಿಯ ಕಪಾಟಿನಲ್ಲಿ ಕೂತು ಕೂತು
ಕೊನೆಗೆ ಚೀಟಿಯ ಮೇಲಿನ ಅಂಕಿಯಷ್ಟೇ ಉಳಿಯುತ್ತದೆ.

ಅದಕ್ಕೇ ಹದಿನೇಳನೇ ಬ್ಯಾಚಿಗೆ
ಅಂಟಿನ ಮೇಲೊಂದು ಮೇಣದ ಗೋಡೆ ಎಬ್ಬಿಸಿದೆವು.
ನಲವತ್ತರ ಬಿಸಿ, ಎಪ್ಪತ್ತೈದರ ತೇವ,
ಆರು ತಿಂಗಳು ಪೆಟ್ಟಿಗೆಯಲ್ಲಿ ಬೆಂದರೂ
ನೂರಕ್ಕೆ ತೊಂಬತ್ತಾರು ಹಾಗೇ ಇತ್ತು.
ಸೂಪರ್‌ವೈಸರ್ ಗುರುಮಲ್ಲಪ್ಪ ಮೈಸೂರ್‌ಪಾಕು ತರಿಸಿದರು.

ಜಬೀನಾ ಮಾತ್ರ ತಿನ್ನಲಿಲ್ಲ.
ಬೀಕರಿನಲ್ಲಿ ಒಂದು ಹೊಟ್ಟೆ ಮಾಡಿದಳು:
ಆಮ್ಲ, ಉಪ್ಪು, ಮೈಯ ಬಿಸಿ, ಮೆಲ್ಲಗೆ ತಿರುಗುವ ಅಲಗು.
ಎರಡು ಗಂಟೆಯಾದ ಮೇಲೆ ಪಿತ್ತ ಸುರಿದು ಕರುಳು ಮಾಡಿದಳು.
ಮೈಕ್ರೋಸ್ಕೋಪಿನ ಹತ್ತಿರ ಕರೆದಳು.
ಮಣಿಗಳೆಲ್ಲ ಇಟ್ಟ ಹಾಗೇ.
ಒಂದೂ ಬಾಯಿಬಿಟ್ಟಿಲ್ಲ.
"ಹೋದ ಹಾಗೇ ಹೊರಗೆ ಬರುತ್ತೆ ಸಾರ್.
ತಿಂದಿದ್ದು ಮೈಗೇ ಗೊತ್ತಾಗಲ್ಲ."

ಬೆಳಗಿನ ಜಾವ ಕ್ಯಾಂಟೀನಿನಲ್ಲಿ
ಉಪ್ಪಿಟ್ಟು ಆರುತ್ತಿದ್ದಾಗ, ನಾನು ಕೇಳದೆಯೇ,
ಐದು ವರ್ಷದಲ್ಲಿ ಮೊದಲ ಸಲ
ಕೆಲಸದ್ದಲ್ಲದ ಮಾತೊಂದು ಆಡಿದಳು:
ಶಿವಾಜಿನಗರದ ಗಲ್ಲಿಯಲ್ಲಿ ಅವಳ ನಾನಿ
ಮಗ್ರಿಬ್ ಆಜಾನ್ ಆದದ್ದೇ ಗೋಡೆ ಹಿಡಿಯುತ್ತಿದ್ದಳಂತೆ.
ಹನ್ನೆರಡು ಬಾಗಿಲು, ಒಂದು ಚರಂಡಿ, ಆಮೇಲೆ ಮನೆ.
ಅದು ಇರುಳುಗುರುಡು ಎಂದು ಯಾರೂ ಹೇಳಿರಲಿಲ್ಲ.
ಕತ್ತಲು ಎಲ್ಲರಿಗೂ ಅಷ್ಟೇ ಇರುತ್ತದೆ
ಅಂದುಕೊಂಡೇ ಇದ್ದಳು, ಕೊನೆಯವರೆಗೂ.

ನಾನೇನೂ ಹೇಳಲಿಲ್ಲ. ಅವಳ ಲೋಟಕ್ಕೆ
ನನ್ನ ಚಹಾದಲ್ಲಿ ಅರ್ಧ ಬಗ್ಗಿಸಿದೆ.

ಹದಿನೆಂಟನೇ ಬ್ಯಾಚಿಗೆ ಮೇಣ ಅರ್ಧಕ್ಕಿಳಿಸಿದ್ದೇನೆ,
ಎಷ್ಟು ಎಂಬುದು ಇನ್ನೂ ಅಂದಾಜೇ.
ಮೊದಲ ಮೆಟ್ರೋ ಮೇಲೆ ಗುಡುಗಿ ಹೋಯಿತು.
ಮೇಣ ಹತ್ತದ ಒಂದಿಷ್ಟು ಹುಡಿ
ಮುಂಗೈ ಮೇಲೆ ಕೂತಿದೆ,
ನನ್ನ ಬೆವರಿಗೆ ಮೆಲ್ಲಗೆ
ಹಳದಿ ಬಿಡುತ್ತಿದೆ.