ಗೂಟದ ಅಂಗಿ

ವೇಮಗಲ್ ಸರ್ಕಲ್ಲಿನ ನನ್ನ ಸ್ಟುಡಿಯೋದಲ್ಲಿ
ಗೂಟಕ್ಕೊಂದು ಅಂಗಿ: ತಿಳಿನೀಲಿ, ನಲವತ್ತರ ಸೈಜು.
ಕೆಲಸ ಕೇಳಿ ಹೋಗುವ ಹುಡುಗರೆಲ್ಲ
ಅದನ್ನೇ ತೊಟ್ಟು ನೆಟ್ಟಗೆ ಕೂರುತ್ತಾರೆ.

ಮುಂಚೆ ವಾರಕ್ಕೊಮ್ಮೆ ಒಗೆಯುತ್ತಿದ್ದೆ.
ಫೋನಿನ ಫ್ಯಾಕ್ಟರಿ ಬಂದ ಮೇಲೆ
ದಿನಾ ಸಂಜೆ ಕಾಲರು ಉಜ್ಜಬೇಕು.
ಜಿಲ್ಲೆಯಲ್ಲಿ ಉದ್ಯೋಗ ಹೆಚ್ಚಿದೆ ಎನ್ನುವುದು
ಪೇಪರಿಗಿಂತ ಮೊದಲು ಸೋಪಿಗೆ ಗೊತ್ತು.

ಕ್ಯಾಲನೂರಿನ ಚಲಪತಿ ಇವತ್ತು ಮತ್ತೆ ಬಂದ.
"ಹನ್ನೊಂದು ತಿಂಗಳು ಮುಗೀತಣ್ಣ,
ಹೊಸ ಕಂಟ್ರಾಕ್ಟು, ಹೊಸ ಫೋಟೋ ಕೇಳ್ತಾರೆ."
ಹಳೇದನ್ನೇ ಪ್ರಿಂಟು ಹಾಕಲಾ ಅಂದೆ.
"ಬೇಡ. ಅದರಲ್ಲಿ ನಗ್ತಾ ಇದೀನಿ."

ಅಂಗಿಯ ಮೂರನೇ ಗುಂಡಿ ಸಡಿಲವಾಗಿತ್ತು.
ಸಣ್ಣ ತಿರುಪುಗಳಿಗೆ ಪಳಗಿದ ಬೆರಳು,
ಸೂಜಿ ಇಸಕೊಂಡು ತಾನೇ ಹೊಲಿದ,
ಬಿಗಿಯಾಗಿ.
ಬಾಗಿಲಲ್ಲಿ ಇನ್ನೂ ನಾಲ್ವರು
ಕತ್ತು ಒರೆಸಿಕೊಳ್ಳುತ್ತ ನಿಂತಿದ್ದರು.